ಒಂದು ತಾಳ, ಹಲವು ಕಂಠ

ಜಮೈಕಾ ದ್ವೀಪದ ಡಾನ್ಸ್‌ಹಾಲ್ ಸಂಗೀತದಲ್ಲಿ ‘ರಿದಿಮ್’ ಎಂಬ ಮಾತಿಗೆ ವಿಶೇಷಾರ್ಥವುಂಟು. ತಾಳವಾದ್ಯ ಮತ್ತು ಮಂದ್ರಸ್ವರಗಳೇ ಪ್ರಧಾನವಾಗಿರುವ, ಗಾಯನವಿಲ್ಲದ ಹಿನ್ನೆಲೆವಾದನವೇ ರಿದಿಮ್. ಒಂದೇ ರಿದಿಮ್ಮಿನ ಮೇಲೆ ಅನೇಕ ಗಾಯಕರು ತಮ್ಮ ತಮ್ಮ ಸಾಹಿತ್ಯವನ್ನು ಹೊಂದಿಸಿ ಬೇರೆ ಬೇರೆ ಹಾಡುಗಳನ್ನು ಮುದ್ರಿಸುತ್ತಾರೆ. ಒಂದು ಹಿನ್ನೆಲೆಯು ಇಷ್ಟು ಕಂಠಗಳಿಗೆ ಎಡೆಗೊಡುವುದು ಹೇಗೆ? ಪ್ರಸಿದ್ಧವಾದ ‘ಸ್ಲೆಂಗ್ ಟೆಂಗ್’ ರಿದಿಮ್ಮಿನ ಉದಾಹರಣೆಯಿಂದ ಇದನ್ನು ವಿಚಾರಿಸೋಣ.

1981ರಲ್ಲಿ ಜಪಾನಿನ ಕ್ಯಾಸಿಯೊ ಸಂಸ್ಥೆಯು ಎಂಟಿ-40 ಎಂಬ ಚಿಕ್ಕ ಇಲೆಕ್ಟ್ರಾನಿಕ್ ಕೀಬೋರ್ಡನ್ನು ಹೊರತಂದಿತು. ಗುಂಡಿಯನ್ನೊತ್ತಿದೊಡನೆ ತಾನಾಗಿಯೇ ನುಡಿಯುವ ಸಿದ್ಧತಾಳಗಳು ಅದರಲ್ಲಿದ್ದುವು. ಅವುಗಳಲ್ಲಿ ‘ರಾಕ್’ ಎಂಬುದನ್ನು ರಚಿಸಿದವರು ಒಕುಡಾ ಹಿರೋಕೊ. ವಿದ್ಯಾರ್ಥಿನಿಯಾಗಿದ್ದಾಗ ಅವರು ಜಮೈಕಾದ ರೆಗೇ ಸಂಗೀತವನ್ನೇ ಕುರಿತು ಪ್ರಬಂಧ ಬರೆದಿದ್ದರು. ಕಿಂಗ್‌ಸ್ಟನ್ ನಗರದ ವೇನ್ ಸ್ಮಿತ್ ಮತ್ತು ನೋಯೆಲ್ ಡೇವಿ ಎಂಬವರು ಈ ತಾಳವನ್ನು ಗುರುತಿಸಿ, ಧ್ವನಿಮುದ್ರಣಕಾರ ಕಿಂಗ್ ಜ್ಯಾಮಿಯವರಲ್ಲಿಗೆ ಒಯ್ದರು. ಜ್ಯಾಮಿಯವರು ಅದರ ವೇಗವನ್ನು ತಗ್ಗಿಸಿದರು. 1985ರಲ್ಲಿ ಅದರ ಮೇಲೆ ಸ್ಮಿತ್ ಹಾಡಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ದ್ವೀಪದಲ್ಲೆಲ್ಲ ಹರಡಿತು. ಟೆನರ್ ಸಾ ‘ಪಂಪ್ಕಿನ್ ಬೆಲ್ಲಿ’ಯನ್ನೂ, ಜಾನಿ ಆಸ್ಬೋರ್ನ್ ‘ಬಡ್ಡಿ ಬೈ’ಯನ್ನೂ ಅದೇ ರಿದಿಮ್ಮಿಗೆ ಹಾಡಿದರು.

ವೇಗವನ್ನು ತಗ್ಗಿಸುವುದೆಂದರೇನು? ಗ್ರಾಮಫೋನ್ ತಟ್ಟೆಯು ನಿಧಾನವಾಗಿ ತಿರುಗಿದರೆ ತಾಳದೊಡನೆ ಶ್ರುತಿಯೂ ಇಳಿಯುತ್ತದೆ. ವೇಗವು ಮುಕ್ಕಾಲು ಪಾಲಾದರೆ, ಸೆಕೆಂಡಿಗೆ 100 ಕಂಪನಗಳುಳ್ಳ ಸ್ವರವು 75 ಕಂಪನಗಳದಾಗುವುದು. ಕೀಬೋರ್ಡಿನಲ್ಲಾದರೋ ಹಾಗಲ್ಲ. ಅಲ್ಲಿ ಪ್ರತಿಯೊಂದು ಸ್ವರವನ್ನೂ ವಿದ್ಯುನ್ಮಂಡಲವು ಆಗಿಂದಾಗ್ಗೆ ಹೊಸದಾಗಿ ಉತ್ಪಾದಿಸುತ್ತದೆ. ತಾಳದ ವೇಗವನ್ನು ಬದಲಿಸಿದಾಗ ಸ್ವರಗಳ ನಡುವಣ ಕಾಲವು ಮಾತ್ರ ಹಿಗ್ಗುತ್ತದೆ, ಶ್ರುತಿಯು ಕದಲುವುದಿಲ್ಲ.

ಇನ್ನು ಕಂಠಗಳ ವಿಷಯ. ಶಬ್ದವು ವಾಯುವಿನಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಈ ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ತರಂಗದೂರವು ದೊರೆಯುತ್ತದೆ. ಸೆಕೆಂಡಿಗೆ 50 ಕಂಪನಗಳ ಮಂದ್ರಸ್ವರಕ್ಕೆ ಇದು 6.8 ಮೀಟರು, 1000 ಕಂಪನಗಳ ಸ್ವರಕ್ಕೆ ಕೇವಲ 34 ಸೆಂಟಿಮೀಟರು. ಉದ್ದವಾದ ಅಲೆಗಳು ಗೋಡೆಯ ಅಂಚನ್ನು ಬಳಸಿ ಸುಲಭವಾಗಿ ಮುಂದೆ ಸಾಗುತ್ತವೆ. ಆದುದರಿಂದ ಬಯಲಿನಲ್ಲಿ ಧ್ವನಿವರ್ಧಕಗಳನ್ನಿಟ್ಟು ನುಡಿಸಿದಾಗ, ಹಾಡಿನ ಮಾತು ತಿಳಿಯದಷ್ಟು ದೂರದಲ್ಲಿರುವವರಿಗೂ ರಿದಿಮ್ಮಿನ ಗುರುತು ಹತ್ತುತ್ತದೆ. ಮಾತನ್ನು ಸ್ಪಷ್ಟಗೊಳಿಸುವ ಕಂಪನಗಳಾದರೋ ಬಹುಮಟ್ಟಿಗೆ ಸೆಕೆಂಡಿಗೆ 1000ದಿಂದ 4000ದವರೆಗಿನವು. ರಿದಿಮ್ಮಿನ ಬಲವು ಮುಖ್ಯವಾಗಿ ಇದಕ್ಕಿಂತ ಬಹಳ ಕೆಳಗಿರುವುದರಿಂದ, ಗಾಯಕನಿಗೆ ನಡುವಣ ಜಾಗವು ತೆರವಾಗಿಯೇ ಉಳಿಯುತ್ತದೆ. ಯಾರು ಬಂದು ಹಾಡಿದರೂ ಮಾತು ಮುಳುಗುವುದಿಲ್ಲ.

ಈ ಅನುಕೂಲಕ್ಕೆ ಬೆಲೆಯನ್ನೂ ತೆರಬೇಕಾಯಿತು. ಯಂತ್ರಜನ್ಯ ರಿದಿಮ್ಮುಗಳು ವ್ಯಾಪಿಸಿದಂತೆ, ಸ್ಟುಡಿಯೋಗಳಲ್ಲಿ ನುಡಿಸಿ ಜೀವಿಸುತ್ತಿದ್ದ ವಾದಕರ ಕೆಲಸವು ಕುಗ್ಗಿತು. ವಾದ್ಯಗೋಷ್ಠಿಯನ್ನು ಕೂಡಿಸಲಾರದ ಬಡ ತರುಣರಿಗಾದರೋ ಧ್ವನಿಮುದ್ರಣವು ಕೈಗೆಟುಕಿತು.

ವಿದ್ಯಾರ್ಥಿಗಳು ಮೇಲೆ ಹೇಳಿದ ಹಾಡುಗಳಲ್ಲಿ ಎರಡನ್ನು ಒಂದಾದ ಮೇಲೊಂದರಂತೆ ಕೇಳಬೇಕು. ಬಳಿಕ ಕೋಣೆಯಿಂದ ಹೊರಗೆ ಬಂದು, ಬಾಗಿಲನ್ನು ಮುಚ್ಚಿ ಮತ್ತೆ ಕೇಳಬೇಕು. ಆಗ ಕಿವಿಗೆ ಏನು ಉಳಿಯಿತು, ಏನು ಅಳಿಯಿತು ಎಂಬುದನ್ನು ಬರೆದಿಟ್ಟುಕೊಂಡರೆ, ಎರಡು ಹಾಡುಗಳಿಗೂ ಸಮಾನವಾದ ಅಂಶವು ಯಾವುದೆಂಬುದು ತಾನಾಗಿಯೇ ಗೊತ್ತಾಗುವುದು.