ಕಾರು ತಗ್ಗಿಸಲು ಪೈಥಾಗೊರಸ್

ಟೊಯೋಟಾ ಎಇ86 ಜಪಾನಿನಲ್ಲಿ 1983ರಿಂದ 1987ರವರೆಗೆ ತಯಾರಾದ ಕಾರು. ಎಂಜಿನ್ ಮುಂದೆ, ಓಡಿಸುವ ಚಕ್ರಗಳು ಹಿಂದೆ. ಹಿಂದಿನ ಎರಡೂ ಚಕ್ರಗಳಿಗೆ ಒಂದೇ ಗಟ್ಟಿ ಆಕ್ಸಲ್. ಅದು ಎಡಬಲಕ್ಕೆ ಜರುಗದಂತೆ ಪ್ಯಾನಾರ್ಡ್ ರಾಡ್ ಎಂಬ ಅಡ್ಡ ಸರಳು ಹಿಡಿದಿರುತ್ತದೆ. ಅದರ ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ಕಾರಿನ ಬಾಡಿಗೆ (ನಮ್ಮ ಅಕೌಂಟ್ಸಿನ ಬಾಡಿಗೆ ಅಲ್ಲ!).

ಎತ್ತರ ಹೊಂದಿಸುವ ಸ್ಪ್ರಿಂಗ್ ಹಾಕಿ ಹಿಂಭಾಗ ತಗ್ಗಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯ ಹಾಕಿ ನೋಡಿದಾಗ ತಪ್ಪು ತಿಳಿಯಿತು. ಲೆಕ್ಕಕ್ಕೆಂದು ರಾಡ್ 100 ಸೆಂ.ಮೀ. ಉದ್ದ, ಅದರ ಬಾಡಿ ಕಡೆಯ ತುದಿ 10 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ಆಗ ಎರಡು ತುದಿಗಳ ಅಡ್ಡ ಅಂತರ 99.5 ಸೆಂ.ಮೀ. ಕಾರನ್ನು 5 ಸೆಂ.ಮೀ. ತಗ್ಗಿಸಿದರೆ ಅದು 99.87 ಆಗುತ್ತದೆ. ರಾಡ್ ಉದ್ದವಾಗಲಿಲ್ಲ, ಓರೆ ಕಡಿಮೆಯಾಯಿತು ಅಷ್ಟೆ. ಆದರೆ ಆಕ್ಸಲ್ ಸುಮಾರು 4 ಮಿ.ಮೀ. ಪಕ್ಕಕ್ಕೆ ಹೋಯಿತು. ಅಗಲ ಟೈರ್ ಹಾಕಿದ್ದರೆ ತಿರುವಿನಲ್ಲಿ ಒಂದು ಬದಿ ಮಡ್‌ಗಾರ್ಡಿಗೆ ಉಜ್ಜಬಹುದು.

ಅದಕ್ಕೇ ತಿರುಪು ತಿರುಗಿಸಿ ಉದ್ದ ಬದಲಿಸುವ ರಾಡ್ ಹಾಕುತ್ತಾರೆ. ಈ ಉದಾಹರಣೆಯಲ್ಲಿ ಅದನ್ನು ಸುಮಾರು 4 ಮಿ.ಮೀ. ಗಿಡ್ಡ ಮಾಡಬೇಕು. ಅಳತೆ ತೆಗೆಯುವಾಗ ಕಾರು ಜಾಕಿನ ಮೇಲಿರಬಾರದು, ಆಕ್ಸಲ್ ಜೋತುಬಿದ್ದು ಲೆಕ್ಕ ಸುಳ್ಳಾಗುತ್ತದೆ. ನಾಲ್ಕೂ ಚಕ್ರ ನೆಲದ ಮೇಲೆ ಭಾರ ಹೊತ್ತಿರುವಾಗ ಎರಡೂ ಬದಿ ಟೈರಿನಿಂದ ಮಡ್‌ಗಾರ್ಡಿಗೆ ಅಳೆದು, ಸಮ ಬಂದ ಮೇಲೆ ಲಾಕ್ ನಟ್ ಬಿಗಿಯಬೇಕು.