ಹಳೆಯ ಕಾರಿನ ಕ್ಯಾಟ್ ಕಳಚುವ ಮುನ್ನ

ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳ ಗ್ಯಾರೇಜುಗಳಿಗೆ ಹಳೆಯ ವೇಗದ ಕಾರೊಂದು, ಅದು ಗೋವಾದಲ್ಲಿ ತಯಾರಾದ ಎರಡು ಆಸನಗಳ ಸ್ಯಾನ್ ಸ್ಟಾರ್ಮ್ ಆಗಿರಲಿ, ವೇಗಪ್ರಿಯರ ಹಳೆಯ ಹೋಂಡಾ ಸಿಟಿ ವಿಟೆಕ್ ಆಗಿರಲಿ, ‘ಪಿಕಪ್ ಇಲ್ಲ’ ಎಂಬ ದೂರಿನೊಡನೆ ಬಂದಾಗ, ಬಹಳ ಬೇಗ ಸಿಗುವ ಸಲಹೆಯೆಂದರೆ ಕ್ಯಾಟ್ ಕಳಚಿ ನೇರ ಪೈಪ್ ಕೂಡಿಸುವುದು. ಆದರೆ ಈ ಸಲಹೆ ರೋಗವನ್ನು ಬಿಟ್ಟು ಅದರ ಲಕ್ಷಣವನ್ನು ಕತ್ತರಿಸುತ್ತದೆ ಎಂಬುದು ಇಂಥ ಕಾರುಗಳನ್ನು ಇಟ್ಟುಕೊಂಡವರ ಅನುಭವದಿಂದ ತಿಳಿದುಬರುತ್ತದೆ.

ಕ್ಯಾಟ್ ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಹೊಗೆ ಸೈಲೆನ್ಸರ್ ಸೇರುವ ಮುನ್ನ ಹಾದುಹೋಗುವ ಲೋಹದ ಡಬ್ಬಿ. ಅದರೊಳಗೆ ಜೇನುಗೂಡಿನಂತೆ ಸಣ್ಣ ಕಿಂಡಿಗಳಿರುವ ಪಿಂಗಾಣಿಯ ಗಟ್ಟಿಯಿದ್ದು, ಅದಕ್ಕೆ ಲೇಪಿಸಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಮೇಲೆ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳ ವಿಷವನ್ನು ಬಹುಮಟ್ಟಿಗೆ ಕಳೆಯುತ್ತವೆ. ಮುಂಬಯಿಯೂ ಸೇರಿ ನಾಲ್ಕು ಮಹಾನಗರಗಳಲ್ಲಿ 1995ರ ಏಪ್ರಿಲ್‌ನಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತಾದರೂ, ದೇಶದಾದ್ಯಂತ ಸೀಸಯುಕ್ತ ಪೆಟ್ರೋಲ್ ನಿಂತದ್ದು 2000ದಲ್ಲಿ. ನಡುವಣ ವರ್ಷಗಳಲ್ಲಿ ಊರಿಗೆ ಹೊರಟ ಕಾರು ದಾರಿಯಲ್ಲಿ ಅಂಥ ಪೆಟ್ರೋಲ್ ತುಂಬಿಸಿಕೊಂಡರೆ ಲೇಪನವೇ ಕೆಡುತ್ತಿತ್ತು.

ಕ್ಯಾಟ್ ತಾನಾಗಿ ಕಟ್ಟಿಕೊಳ್ಳುವುದು ಅಪರೂಪ, ಅದನ್ನು ಕೆಡಿಸುವುದು ಸಾಮಾನ್ಯವಾಗಿ ಎಂಜಿನ್ನೇ. ಪ್ಲಗ್ ಅಥವಾ ಕಾಯಿಲ್ ದುರ್ಬಲವಾಗಿ ಸಿಲಿಂಡರೊಂದು ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಉರಿಯದ ಪೆಟ್ರೋಲ್ ಕ್ಯಾಟಿನೊಳಗೆ ಹೊತ್ತಿಕೊಂಡು ಪಿಂಗಾಣಿಯನ್ನು ಕರಗಿಸುತ್ತದೆ. ಪಿಸ್ಟನ್ ರಿಂಗ್ ಸವೆದು ಆಯಿಲ್ ಉರಿಯುತ್ತಿದ್ದರೆ ಅದರ ಬೂದಿ ಲೇಪನವನ್ನು ಮುಚ್ಚುತ್ತದೆ. ಹಾಗಾಗಿ ಕತ್ತರಿಸುವ ಮುನ್ನ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ, ಆ ರಂಧ್ರಕ್ಕೆ ಒತ್ತಡದ ಗೇಜ್ ಜೋಡಿಸಿ, ಎಂಜಿನ್ನನ್ನು ನಿಮಿಷಕ್ಕೆ ಸುಮಾರು 2500 ಸುತ್ತುಗಳಲ್ಲಿ ಓಡಿಸಿ ನೋಡುವುದು ಅಗತ್ಯ. ಒತ್ತಡ 3 ಪಿಎಸ್‌ಐ ದಾಟಿದರೆ ಅಡಚಣೆ ನಿಜ. ಆಗಲೂ ಕ್ಯಾಟಿನ ಹಿಂದಿನ ಜೋಡಣೆಯನ್ನು ಸಡಿಲಿಸಿದಾಗ ಒತ್ತಡ ಇಳಿದರೆ ತಪ್ಪು ಸೈಲೆನ್ಸರಿನದು, ಖಾರಿಯ (ಕಡಲ ಹಿನ್ನೀರಿನ) ಉಪ್ಪುಗಾಳಿ ಬೀಸುವ ಈ ಊರುಗಳಲ್ಲಿ ಅದು ತುಕ್ಕು ಹಿಡಿಯುವುದು ಹೊಸತಲ್ಲ. ಸುಸ್ಥಿತಿಯ ಕ್ಯಾಟನ್ನು ಕಳಚಿದರೆ ಸಣ್ಣ ಎಂಜಿನ್ನಿಗೆ ದೊರೆಯುವ ಹೆಚ್ಚುವರಿ ಶಕ್ತಿ ಅತ್ಯಲ್ಪ, ಸದ್ದು ಮಾತ್ರ ಧಾರಾಳ (ಆ ಸದ್ದನ್ನೇ ಶಕ್ತಿಯೆಂದು ನಂಬುವವರಿಗೂ ಕೊರತೆಯಿಲ್ಲ).

ಹಳೆಯ ಕಾರುಗಳಲ್ಲಿ ಕ್ಯಾಟಿನ ಹಿಂದೆ ಎರಡನೆಯ ಸೆನ್ಸರ್ ಸಾಮಾನ್ಯವಾಗಿ ಇರದ ಕಾರಣ ಕ್ಯಾಟ್ ಕಳಚಿದರೂ ಎಚ್ಚರಿಕೆಯ ದೀಪ ಹೊತ್ತುವುದಿಲ್ಲ. ಪಿಯುಸಿ (ಹೊಗೆಯ ಮಾಲಿನ್ಯ ಅಳೆಯುವ) ತಪಾಸಣೆಯೂ ಪೂರ್ಣ ಸಾಕ್ಷಿಯಲ್ಲ: ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡಗಳಲ್ಲಿ ಬಿಎಸ್-2ಕ್ಕಿಂತ ಹಿಂದಿನ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ. 3 ಇರುವುದರಿಂದ ಕ್ಯಾಟ್ ಇಲ್ಲದೆಯೂ ಪಾಸಾಗಬಹುದು, ಆದರೆ ಬಿಎಸ್-2 ಮತ್ತು 3ರ ಕಾರುಗಳಿಗೆ ಆ ಮಿತಿ ಶೇ. 0.5. ಕಾನೂನಿನ ಮಾತು ಬೇರೆಯೇ. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನವನ್ನು ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190ನೆಯ ಕಲಮಿನಂತೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಹದಿನೈದು ವರ್ಷ ದಾಟಿದ ಕಾರು ನೋಂದಣಿಯ ನವೀಕರಣಕ್ಕಾಗಿ ಥಾಣೆಯ ಎಂಎಚ್-04, ಕಲ್ಯಾಣದ ಎಂಎಚ್-05 ಅಥವಾ ನವಿಮುಂಬಯಿಯ ಎಂಎಚ್-43 ಸಾರಿಗೆ ಕಚೇರಿಯ (ಆರ್‌ಟಿಒ) ವ್ಯಾಪ್ತಿಯಲ್ಲಿ ತಪಾಸಣೆಗೆ ನಿಲ್ಲಲೇಬೇಕು.

ಕಳಚಿದ ಡಬ್ಬಿಗೂ ಬೆಲೆಯಿದೆ. ದೇಶದ ಹಲವೆಡೆ ಮಾರುತಿ ಈಕೋ ವ್ಯಾನುಗಳ ಸೈಲೆನ್ಸರುಗಳು ಕಳುವಾಗುತ್ತಿರುವುದು ಅವಕ್ಕೆ ಕೂಡಿದ ಕ್ಯಾಟಿನೊಳಗಿನ ಪ್ಲಾಟಿನಂ ಮುಂತಾದ ಲೋಹಗಳಿಗಾಗಿಯೇ. ಆದ್ದರಿಂದ ಎಂಜಿನ್ನಿನ ದೋಷವನ್ನು ಸರಿಪಡಿಸಿ ಹೊಸ ಕ್ಯಾಟ್ ಕೂಡಿಸಿಕೊಳ್ಳುವ ಮಾಲೀಕರು ಹಳೆಯದನ್ನು ಗ್ಯಾರೇಜಿನಲ್ಲೇ ಬಿಟ್ಟುಬರದೆ, ಅದನ್ನು ಮರಳಿ ಪಡೆಯಬೇಕು ಇಲ್ಲವೇ ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಬೇಕು.