ಗಾಳಿಯಂತ್ರಕ್ಕೆ ಜಾಗ ಕೊಡುವ ಮುನ್ನ

ಗದಗ, ಕೊಪ್ಪಳ, ಚಿತ್ರದುರ್ಗದ ಕಡೆಯ ರೈತರಿಗೆ ಗಾಳಿಯಂತ್ರ ಹೊಸದಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ಸಿಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಆಷಾಢದ ಗಾಳಿ ಜೋರಾಗಿ ಬೀಸುವ ಈ ಬಯಲು, ಗುಡ್ಡಗಳನ್ನು ಕಂಪನಿಗಳು ಹುಡುಕಿಕೊಂಡು ಬರುವುದು ಅದಕ್ಕೇ. ಕಲ್ಲಿದ್ದಲು ಸುಡದೆ ಬರುವ ಈ ವಿದ್ಯುತ್ತಿಗೆ ಊರು ಬೆಂಬಲ ಕೊಡಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಬೆಂಬಲ ಉಳಿಯಬೇಕಾದರೆ ಕ್ರೇನ್ ಬರುವ ಮೊದಲೇ ಎಲ್ಲವೂ ಬರಹದಲ್ಲಿರಬೇಕು.

ಮೊದಲು ಗ್ರಾಮಸಭೆ

ಮಧ್ಯವರ್ತಿಗಳು ಒಬ್ಬೊಬ್ಬರ ಮನೆಗೆ ಹೋಗಿ ಒಬ್ಬೊಬ್ಬರಿಗೆ ಒಂದೊಂದು ದರ ಹೇಳಿದರೆ ಊರು ಅಲ್ಲೇ ಒಡೆಯುತ್ತದೆ. ಪಿಡಿಒ ಅವರಿಗೆ ಮನವಿ ಕೊಟ್ಟು ವಿಷಯವನ್ನು ಗ್ರಾಮಸಭೆಗೆ ತನ್ನಿ. ಯಾವ ಸರ್ವೆ ನಂಬರಿನಲ್ಲಿ ಯಂತ್ರ, ಎಲ್ಲಿ ರಸ್ತೆ, ಯಾರ ಹೊಲದ ಮೇಲೆ ವಿದ್ಯುತ್ ಲೈನ್ ಎಂಬ ನಕ್ಷೆಯನ್ನು ಕಂಪನಿಯಿಂದ ಕನ್ನಡದಲ್ಲೇ ಕೇಳಿ. ಜಾಗ ಕೊಡುವವರನ್ನು ಮಾತ್ರವಲ್ಲ, ಲೈನ್ ಹಾದುಹೋಗುವ ಹೊಲದವರನ್ನೂ ಕುರಿ ಮೇಯಿಸುವವರನ್ನೂ ಕರೆಯಿರಿ.

‘ನಮ್ಮೂರಿಗೆ ಪುಕ್ಕಟೆ ಕರೆಂಟ್ ಸಿಗುತ್ತದಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಯಂತ್ರದ ವಿದ್ಯುತ್ ಸಾಮಾನ್ಯವಾಗಿ ಸಬ್‌ಸ್ಟೇಷನ್ ಮೂಲಕ ಗ್ರಿಡ್ ಸೇರುತ್ತದೆ. ಊರಿಗೆ ಎಂದಿನಂತೆ ಎಸ್ಕಾಂನಿಂದಲೇ ಪೂರೈಕೆ. ಇದನ್ನು ಸಭೆಯಲ್ಲೇ ಬಿಡಿಸಿ ಹೇಳಿದರೆ ಮುಂದೆ ಮೋಸ ಹೋದೆವೆಂಬ ಭಾವನೆ ಬರುವುದಿಲ್ಲ.

ಪಹಣಿ ಮತ್ತು ಕರಾರು

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಬೇಕಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ.

ಮಾರಾಟಕ್ಕಿಂತ ಗುತ್ತಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಭೂಮಿ ಮಕ್ಕಳ ಕೈಯಲ್ಲೇ ಉಳಿಯುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಯಂತ್ರದ ಆಯಸ್ಸು 20ರಿಂದ 25 ವರ್ಷ. ಅಷ್ಟು ಕಾಲ ಬಾಡಿಗೆ ಎಷ್ಟೆಷ್ಟು ಏರುತ್ತದೆ, ಕೆಲಸದ ವೇಳೆ ಬೆಳೆ ಹಾಳಾದರೆ ಪರಿಹಾರವೆಷ್ಟು, ಸುತ್ತ ಎಲ್ಲಿಯವರೆಗೆ ಉಳಬಹುದು, ಕಂಪನಿ ಕೈಬದಲಾದರೆ ಕರಾರಿನ ಗತಿಯೇನು ಎಂದು ಬರೆಸಿಕೊಳ್ಳಿ. ಕೊನೆಗೆ ಯಂತ್ರ ಬಿಚ್ಚಿ, ನೆಲದೊಳಗಿನ ಕಾಂಕ್ರೀಟ್ ಕಿತ್ತು ಹೊಲ ಹಸನು ಮಾಡಿಕೊಡುವವರು ಯಾರು ಎಂಬುದನ್ನಂತೂ ಬಿಡಬೇಡಿ. ಖಾಲಿ ಕಾಗದಕ್ಕೆ, ಓದಲಾಗದ ಇಂಗ್ಲಿಷ್ ಪತ್ರಕ್ಕೆ ಸಹಿ ಬೇಡ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಸಿಗುತ್ತದೆ.

ಜಾಗ ಸರಿಯೇ?

ಸದ್ದಿನ ತೊಂದರೆ ತಪ್ಪಿಸಲು ವಾಸದ ಮನೆಗಳಿಂದ 500 ಮೀಟರ್ ಒಳಗೆ ಯಂತ್ರ ನಿಲ್ಲಿಸಬಾರದೆಂದು ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ಹೊಲದಲ್ಲಿ ಮನೆ ಮಾಡಿಕೊಂಡವರು ನಕ್ಷೆಯಲ್ಲಿ ತಮ್ಮ ಮನೆ ಇದೆಯೇ ನೋಡಿಕೊಳ್ಳಿ. ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಗಿದೆ. ಅದೇ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ದೂರದಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಇಂಥ ಕಡೆ ಹಕ್ಕಿಗಳ ಹಾದಿ ಬಿಟ್ಟು ಜಾಗ ಹುಡುಕಿ ಎಂದು ಕೇಳುವುದು ಯೋಜನೆಗೆ ವಿರೋಧವಲ್ಲ.

ಉದ್ದನೆಯ ರೆಕ್ಕೆ ಹೊತ್ತ ಲಾರಿಗಳಿಗಾಗಿ ರಸ್ತೆ ಅಗಲ ಮಾಡುತ್ತಾರೆ, ಮಣ್ಣು ಏರಿಸುತ್ತಾರೆ. ಎರೆಭೂಮಿಯಲ್ಲಿ ಮಳೆನೀರು ಹರಿಯುವ ದಾರಿ ಮುಚ್ಚಿದರೆ ಮೇಲಿನ ಹೊಲದಲ್ಲಿ ನೀರು ನಿಲ್ಲುತ್ತದೆ. ಎಲ್ಲೆಲ್ಲಿ ಮೋರಿ ಬೇಕೆಂದು ಆ ಹೊಲದವರೇ ತೋರಿಸಬೇಕು.

ಊರಿನ ಪಾಲು

ಪಂಚಾಯಿತಿಗೆ ಬರಬೇಕಾದ ತೆರಿಗೆ, ಶುಲ್ಕದ ಲೆಕ್ಕವನ್ನು ಬರಹದಲ್ಲಿ ಪಡೆಯಿರಿ. ಕಾನೂನಿನ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಶಾಲೆಯ ಚಾವಣಿಯೋ, ಕುಡಿಯುವ ನೀರೋ, ಒಂದೇ ಬೇಡಿಕೆ ಆರಿಸಿ ಪಟ್ಟು ಹಿಡಿಯಿರಿ. ಐಟಿಐ ಕಲಿತ ಊರಿನ ಹುಡುಗ ಹುಡುಗಿಯರಿಗೆ ನಿರ್ವಹಣೆಯ ತರಬೇತಿ ಕೊಡಿಸಿ ಎಂದೂ ಕೇಳಿ. ಕಾವಲು ಕೆಲಸಕ್ಕಷ್ಟೇ ತೃಪ್ತಿಪಡಬೇಡಿ.

ಮುಂದಿನ ಗ್ರಾಮಸಭೆ ಯಾವಾಗ ಎಂದು ಪಿಡಿಒ ಅವರನ್ನು ಈ ವಾರವೇ ಕೇಳಿ, ಪಹಣಿ ಹಿಡಿದುಕೊಂಡೇ ಹೋಗಿ.